ನಿದ್ದೆ ಸರಿಮಾಡಿಕೊಳ್ಳಲು ಹಾಕಿದ ಯೋಜನೆ ಮೂರೇ ದಿನಕ್ಕೆ ಮುರಿಯುತ್ತಿದೆ. ಇನ್ನೂ ಶಿಸ್ತು ಬೇಕೇ?

ರಾತ್ರಿ 10ಕ್ಕೆ ಹಾಸಿಗೆ, 10:15ಕ್ಕೆ ನಿದ್ದೆ, ಬೆಳಿಗ್ಗೆ 6ಕ್ಕೆ ಏಳುವುದು. ನೀವು ಬರೆದಿರುವ ಈ ಮೂರು ಸಾಲು ನನ್ನ ಹಳೇ ನೋಟ್‌ಬುಕ್ಕಿನಲ್ಲೂ ಇದ್ದವು, ಕೆಂಪು ಪೆನ್ನಿನಲ್ಲಿ ಅಡಿಗೆರೆ ಸಮೇತ.

ಶಿಸ್ತು ಬೇಡ. ನಿಮ್ಮ ಎರಡನೇ ಸಾಲೇ ತಪ್ಪು. ‘ನಿದ್ದೆ ಮಾಡ್ತೀನಿ’ ಅಂತ ಹೇಳುತ್ತೇವೆ ನಿಜ, ಆದರೆ ‘ನಿದ್ದೆ ಬರುತ್ತೆ, ಬರಲ್ಲ’ ಅನ್ನೋದೇ ವಾಸ್ತವ. ನಮ್ಮ ಕೈಯಲ್ಲಿಲ್ಲದ್ದನ್ನು ಯೋಜನೆಯಲ್ಲಿ ಬರೆದರೆ ದಿನಾ ಸೋಲುತ್ತೇವೆ. ಎಷ್ಟು ಹೊತ್ತಿಗೆ ಏಳುತ್ತೇವೆ, ಎಷ್ಟು ಹೊತ್ತಿಗೆ ಹಾಸಿಗೆಗೆ ಹೋಗುತ್ತೇವೆ, ನಿದ್ದೆ ಬರದಿದ್ದಾಗ ಏನು ಮಾಡುತ್ತೇವೆ, ಇವಿಷ್ಟೇ ನಮ್ಮ ಕೈಯಲ್ಲಿರುವುದು.

ನನಗೆ ದುಬಾರಿಯಾದ ತಪ್ಪು ಒಂದೇ: ನಿದ್ದೆ ಸಾಲುತ್ತಿಲ್ಲ ಅಂತ ಬೇಗ ಮಲಗಲು ಹೊರಟಿದ್ದು. 10ರಿಂದ 7ರವರೆಗೆ ಹಾಸಿಗೆಯಲ್ಲಿರುತ್ತಿದ್ದೆ. ಅಂದರೆ 540 ನಿಮಿಷ. ಅದರಲ್ಲಿ ನಿದ್ದೆ ಬರುತ್ತಿದ್ದುದು ಸುಮಾರು 330 ನಿಮಿಷ, ನೂರಕ್ಕೆ 61 ಪಾಲು. ಉಳಿದ ಮೂರೂವರೆ ಗಂಟೆ ಮಗ್ಗುಲು ಬದಲಿಸುತ್ತಾ, ‘ಈಗ ನಿದ್ದೆ ಬಂದರೂ ಬರೀ ನಾಲ್ಕೂವರೆ ಗಂಟೆ ಸಿಗುತ್ತೆ’ ಅಂತ ಲೆಕ್ಕ ಹಾಕುವುದು. ಇದರಿಂದ ಎರಡು ಕಡೆ ಹಾಳಾಗುತ್ತೆ. ಒಂದು, ಎಚ್ಚರವಿದ್ದಷ್ಟು ಹೊತ್ತೂ ನಿದ್ದೆಯ ಒತ್ತಡ, ಅಂದರೆ ನಿದ್ದೆ ಬೇಕು ಅನ್ನುವ ಮೈಯ ಒತ್ತಾಯ, ಏರುತ್ತಾ ಹೋಗುತ್ತೆ. ಅದು ಪೂರ್ತಿ ಏರುವ ಮೊದಲೇ ಮಲಗಿದರೆ ನಿದ್ದೆ ಹತ್ತಲ್ಲ, ಹತ್ತಿದರೂ ಆಳಕ್ಕಿಳಿಯಲ್ಲ. ಇನ್ನೊಂದು, ತಿಂಗಳುಗಟ್ಟಲೆ ಎಚ್ಚರವಾಗಿ ಬಿದ್ದುಕೊಂಡರೆ ಹಾಸಿಗೆ ಅಂದರೆ ಚಿಂತೆ ಮಾಡುವ ಜಾಗ ಅಂತ ಮಿದುಳು ಕಲಿತುಬಿಡುತ್ತೆ. ಸೋಫಾದ ಮೇಲೆ ತೂಕಡಿಸುವವರಿಗೆ ಹಾಸಿಗೆಗೆ ಹೋದ ತಕ್ಷಣ ಕಣ್ಣು ತೆರೆದುಕೊಳ್ಳುವುದು ಇದಕ್ಕೇ. ಮೇಲಿಂದ ರಜಾದಿನ 9:30ರವರೆಗೆ ಮಲಗಿ ‘ಸಾಲ ತೀರಿಸುತ್ತಿದ್ದೆ’. ಆ ರಾತ್ರಿ ಎರಡು ಗಂಟೆಯಾದರೂ ನಿದ್ದೆಯ ಸುಳಿವಿರುತ್ತಿರಲಿಲ್ಲ.

ಆದ್ದರಿಂದ ಮೊದಲ ವಾರ ಯೋಜನೆಯನ್ನೇ ಹಾಕಬೇಡಿ. ಬರೀ ಬರೆದಿಡಿ: ಹಾಸಿಗೆಗೆ ಹೋಗಿದ್ದು, ನಿದ್ದೆ ಬಂದಿದ್ದು, ಮಧ್ಯೆ ಎಚ್ಚರವಿದ್ದದ್ದು, ಎದ್ದಿದ್ದು. ರಾತ್ರಿ ಗಡಿಯಾರ ನೋಡಬಾರದು, ಬೆಳಿಗ್ಗೆ ಎದ್ದ ಮೇಲೆ ಅಂದಾಜಿನಲ್ಲೇ ಬರೆಯಬೇಕು. ಅಂದಾಜು ಸಾಕು.

ಏಳು ದಿನದ ಸರಾಸರಿ ನಿದ್ದೆ ಐದೂವರೆ ಗಂಟೆ ಬಂತು ಅಂದುಕೊಳ್ಳಿ. ಏಳುವ ಹೊತ್ತನ್ನು ಮೊದಲು ಗಟ್ಟಿಮಾಡಿ, ಉದಾಹರಣೆಗೆ 6:30. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಹಾಸಿಗೆಗೆ ಹೋಗುವುದು ರಾತ್ರಿ 1ಕ್ಕೆ. ಅದಕ್ಕೂ ಮೊದಲು ಹೋಗುವಂತಿಲ್ಲ. ಲೆಕ್ಕ ಎಷ್ಟೇ ಬರಲಿ, ಹಾಸಿಗೆಯಲ್ಲಿರುವ ಹೊತ್ತನ್ನು 5 ಗಂಟೆಗಿಂತ ಕೆಳಗೆ ಇಳಿಸಬೇಡಿ. ಒಂದು ವಾರದ ಸರಾಸರಿಯಲ್ಲಿ ಹಾಸಿಗೆಯಲ್ಲಿದ್ದ ಹೊತ್ತಿನ ನೂರಕ್ಕೆ 85 ಪಾಲು ನಿದ್ದೆ ಬಂದರೆ ಮಲಗುವ ಹೊತ್ತನ್ನು 15 ನಿಮಿಷ ಹಿಂದಕ್ಕೆ ತನ್ನಿ, 12:45ಕ್ಕೆ. ಬರದಿದ್ದರೆ ಇನ್ನೊಂದು ವಾರ ಅಲ್ಲೇ ಇರಿ. ಈ ವಿಧಾನವನ್ನು ಅಮೆರಿಕದ ನಿದ್ರಾ ಸಂಶೋಧಕ ಆರ್ಥರ್ ಸ್ಪೀಲ್‌ಮನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ್ದರು. ನಿದ್ರಾಹೀನತೆಗೆ ಕೊಡುವ ವರ್ತನಾ ಚಿಕಿತ್ಸೆಯಲ್ಲಿ ಇಂದಿಗೂ ಇದು ಮುಖ್ಯ ಭಾಗ.

ಜನ ಸೋಲುವುದು ಮೊದಲ ಎರಡು ವಾರದಲ್ಲಿ. ಹಗಲಲ್ಲಿ ಕಣ್ಣು ಎಳೆಯುತ್ತೆ, ಮಧ್ಯಾಹ್ನ ಒಂದು ಗಂಟೆ ಮಲಗಿಬಿಡುತ್ತಾರೆ, ಕಟ್ಟಿಕೊಂಡ ಒತ್ತಡ ಅಲ್ಲೇ ಕರಗಿಹೋಗುತ್ತೆ. ಇಲ್ಲವೇ ತಡೆಯಲಾರದೆ ಸಂಜೆ ಕಾಫಿ ಕುಡಿಯುತ್ತಾರೆ. ಕೆಫೀನಿನ ಅರ್ಧದಷ್ಟು ಮೈಯಿಂದ ಇಳಿಯಲು ಸುಮಾರು 5 ಗಂಟೆ ಬೇಕು. ರಾತ್ರಿ 11ರಿಂದ 1ರವರೆಗಿನ ಎರಡು ಗಂಟೆಗೆ ಏನು ಕೆಲಸ ಅಂತ ಮೊದಲೇ ಗೊತ್ತುಮಾಡಿಕೊಳ್ಳಿ, ಇಲ್ಲದಿದ್ದರೆ ಆ ಹೊತ್ತನ್ನು ಫೋನ್ ನುಂಗುತ್ತೆ. ನಾನು ಬಟ್ಟೆ ಮಡಿಚುತ್ತಿದ್ದೆ, ನಿಂತುಕೊಂಡು.

ಯೋಜನೆಯ ಸಾಲುಗಳನ್ನು ‘ಹೀಗಾದರೆ ಹೀಗೆ ಮಾಡ್ತೀನಿ’ ಅನ್ನುವ ರೂಪದಲ್ಲೇ ಬರೆಯಿರಿ. ‘ಚೆನ್ನಾಗಿ ಮಲಗಬೇಕು’ ಅಂತ ಬರೆದರೆ ನಡುರಾತ್ರಿ ಅದು ಏನೂ ಹೇಳಿಕೊಡಲ್ಲ. ‘ಇಪ್ಪತ್ತು ನಿಮಿಷದಷ್ಟಾದರೂ ನಿದ್ದೆ ಹತ್ತಲಿಲ್ಲ ಅನ್ನಿಸಿದರೆ ಎದ್ದು ಹೊರಗಿನ ಕುರ್ಚಿಗೆ ಹೋಗ್ತೀನಿ, ಕಣ್ಣು ಭಾರವಾದ ಮೇಲೆ ಬರ್ತೀನಿ’ ಅಂತ ಬರೆದರೆ ಆ ಹೊತ್ತಲ್ಲಿ ಯೋಚಿಸುವ ಕೆಲಸವೇ ಇರಲ್ಲ. ಅಲಾರಂ ಕೈಗೆ ಸಿಗದ ಕಡೆ ಇಡಿ, ಬಡಿದರೆ ಕಾಲು ನೆಲಕ್ಕೆ ಇಳಿಯಲೇಬೇಕು.

ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಫಿಟ್ಸ್, ಬೈಪೋಲಾರ್ ತೊಂದರೆ (ಮನಸ್ಸು ಅತಿ ಉತ್ಸಾಹಕ್ಕೂ ಅತಿ ಕುಗ್ಗುವಿಕೆಗೂ ಹೊಯ್ದಾಡುವ ಕಾಯಿಲೆ) ಇದ್ದರೆ ಅಥವಾ ದಿನವಿಡೀ ವಾಹನ ಓಡಿಸುವ ಕೆಲಸವಾದರೆ ಇದನ್ನು ಒಬ್ಬರೇ ಶುರುಮಾಡಬೇಡಿ, ಮೊದಲು ವೈದ್ಯರನ್ನು ಕೇಳಿ.

ಇನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 8 ಗಂಟೆ ಅನ್ನುವ ನಿಮ್ಮ ಗುರಿ. ಅದನ್ನು ಈಗಲೇ ಬರೆಯಬೇಡಿ. 15 ನಿಮಿಷ ಸೇರಿಸಿದಾಗ ಮತ್ತೆ ಹೊರಳಾಟ ಶುರುವಾದರೆ ಒಂದು ಮೆಟ್ಟಿಲು ಹಿಂದೆ ಬನ್ನಿ, ಹಗಲು ಚುರುಕಾಗಿದ್ದರೆ ಅದೇ ನಿಮ್ಮ ಅಳತೆ. ನನ್ನ ಮಲಗುವ ಹೊತ್ತು ಒಂಬತ್ತು ವಾರದ ಮೇಲೆ 11:30ಕ್ಕೆ ನಿಂತಿತು, ಏಳುವುದು ಅದೇ 6:30ಕ್ಕೆ, ರಜಾದಿನವೂ.