ಲೇಸಿಕ್ಕೋ ಸ್ಮೈಲೋ ಆಮೇಲೆ, ಲೆನ್ಸ್ ಬಿಟ್ಟು ಎಷ್ಟು ದಿನ ಆಯಿತು ಹೇಳಿ

ಹದಿಮೂರು ವರ್ಷದಿಂದ ಕನ್ನಡಕ, ಮೈನಸ್ ಆರರ ಹತ್ತಿರದ ಪವರ್, ಹೊರಗೆ ಹೋಗುವಾಗ ಕಾಂಟ್ಯಾಕ್ಟ್ ಲೆನ್ಸ್, ಎರಡು ತಿಂಗಳಲ್ಲಿ ಮದುವೆ, ಕನ್ನಡಕ ಬಿಡಿಸುವ ಲೇಸರ್ ಆಪರೇಷನ್‌ಗಳಲ್ಲಿ ಲೇಸಿಕ್ ಮಾಡಿಸಲೋ ಸ್ಮೈಲ್ ಮಾಡಿಸಲೋ ಅಂತ ಕೇಳಿದ್ದೀರಿ. ಮದುವೆಯೊಂದನ್ನು ಬಿಟ್ಟರೆ ಎಲ್ಲವೂ ನನ್ನದೇ ಕಥೆ. ಲೇಸಿಕ್ ಮಾಡಿಸಿಕೊಂಡೆ. ಹಾಗಿದ್ದೂ ಇವತ್ತಿಗೂ ರಾತ್ರಿ ಗಾಡಿ ಓಡಿಸುವಾಗ ತೆಳು ಕನ್ನಡಕ ಹಾಕುತ್ತೇನೆ, ಯಾಕೆಂದರೆ ಆಪರೇಷನ್‌ಗೆ ಅಳತೆ ತೆಗೆಯುವ ಸ್ಕ್ಯಾನ್‌ಗೆ ಮುಂಚೆ ಲೆನ್ಸ್ ಬಿಟ್ಟದ್ದು ಬರೀ ಐದು ದಿನ.

ನನ್ನದು ಸೆಮಿ ಸಾಫ್ಟ್ ಲೆನ್ಸ್. ಹೆಸರಲ್ಲಿ ಸಾಫ್ಟ್ ಇದೆ ಅಂತ ಮೋಸ ಹೋಗಬೇಡಿ. ಮಡಚಿದರೆ ಮಡಚುವುದಿಲ್ಲ, ಮುರಿಯುತ್ತದೆ. ಅಷ್ಟು ಗಟ್ಟಿ ಬಿಲ್ಲೆ ದಿನಕ್ಕೆ ಹತ್ತು ಗಂಟೆ, ವರ್ಷಗಟ್ಟಲೆ ಕಣ್ಣಿನ ಮೇಲೆ ಕೂತರೆ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಅದರ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ, ಬಿಗಿ ಕಾಲುಚೀಲ ತೆಗೆದ ಮೇಲೂ ಪಾದದಲ್ಲಿ ಅಚ್ಚು ಉಳಿದ ಹಾಗೆ. ಮೂಲ ಆಕಾರಕ್ಕೆ ಮರಳಲು ಮಾಮೂಲಿ ಸಾಫ್ಟ್ ಲೆನ್ಸ್‌ನವರಿಗೆ ಒಂದರಿಂದ ಎರಡು ವಾರ, ಸಿಲಿಂಡರ್ ಪವರ್ (ಕಾರ್ನಿಯಾದ ಬಾಗು ಎಲ್ಲ ದಿಕ್ಕಿಗೂ ಒಂದೇ ತರ ಇಲ್ಲದಾಗ ಬೇಕಾಗುವ ಪವರ್) ಇರುವ ಟೋರಿಕ್ ಲೆನ್ಸ್‌ನವರಿಗೆ ಎರಡು ವಾರ ಬೇಕು. ಸೆಮಿ ಸಾಫ್ಟ್‌ನವರಿಗೆ ಕನಿಷ್ಠ ಮೂರ್ನಾಲ್ಕು ವಾರ. ಅದೂ ಸಾಲದು, ವಾರದ ಅಂತರದಲ್ಲಿ ತೆಗೆದ ಎರಡು ಟೊಪೊಗ್ರಫಿ, ಅಂದರೆ ಕಾರ್ನಿಯಾದ ಆಕಾರದ ನಕ್ಷೆ, ಒಂದೇ ತರ ಬರಬೇಕು. ಬರದಿದ್ದರೆ ಇನ್ನೂ ಕಾಯಬೇಕು. ಟೆಕ್ನಿಷಿಯನ್ "ಲೆನ್ಸ್ ಬಿಟ್ಟಿದ್ದೀರಾ?" ಅಂದರು, ನಾನು "ಹೂಂ" ಅಂದೆ. ಯಾವ ಲೆನ್ಸ್, ಎಷ್ಟು ದಿನ ಎಂಬುದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈ ಹೂಂಕಾರ ಎಷ್ಟು ದುಬಾರಿಯಾಯಿತು ಅಂತ ಅಂಕಿಯಲ್ಲೇ ನೋಡಿ. ಸ್ಕ್ಯಾನ್ ದಿನ ಸಿಕ್ಕ ಪವರ್: ಮೈನಸ್ 5.75, ಸಿಲಿಂಡರ್ ಮೈನಸ್ 1.50, ಆಕ್ಸಿಸ್ (ಸಿಲಿಂಡರ್ ಕೂರುವ ದಿಕ್ಕು) 5 ಡಿಗ್ರಿ. ಮನೆಯ ಡ್ರಾಯರಿನಲ್ಲಿದ್ದ ಹಳೇ ಕನ್ನಡಕದ ಚೀಟಿಯಲ್ಲಿ ಆಕ್ಸಿಸ್ 170 ಅಂತಿತ್ತು. ಐದಕ್ಕೂ ನೂರೆಪ್ಪತ್ತಕ್ಕೂ ಎಲ್ಲಿಯ ಸಂಬಂಧ ಅನ್ನಿಸುತ್ತದೆ. ಆದರೆ ಆಕ್ಸಿಸ್ 180ಕ್ಕೆ ಮುಗಿದು ಮತ್ತೆ ಶುರುವಾಗುವುದರಿಂದ ನಿಜವಾದ ಅಂತರ 15 ಡಿಗ್ರಿ. ಸಿಲಿಂಡರ್ ತಿದ್ದುವಾಗ 15 ಡಿಗ್ರಿ ತಪ್ಪಿದರೆ ಸರಿಸುಮಾರು ಅರ್ಧ ಸಿಲಿಂಡರ್ ಹಾಗೇ ಉಳಿಯುತ್ತದೆ, 30 ತಪ್ಪಿದರೆ ತಿದ್ದಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಜೊತೆಗೆ ಗಟ್ಟಿ ಲೆನ್ಸ್ ಕಾರ್ನಿಯಾವನ್ನು ಚಪ್ಪಟೆ ಮಾಡಿಟ್ಟಿದ್ದರಿಂದ ಮೈನಸ್ ಪವರ್ ಕೂಡ ಇದ್ದದ್ದಕ್ಕಿಂತ ಕಡಿಮೆ ಕಂಡಿತ್ತು. ಕಾರ್ನಿಯಾ ತನ್ನ ಆಕಾರಕ್ಕೆ ಮರಳಿದ ಮೇಲೆ ಉಳಿದದ್ದು ಮೈನಸ್ 0.50, ಸಿಲಿಂಡರ್ 0.75. ಹಗಲಲ್ಲಿ ತೊಂದರೆಯಿಲ್ಲ. ರಾತ್ರಿ ಪಾಪೆ ಹಿಗ್ಗಿದಾಗ ಎದುರು ಗಾಡಿಯ ಹೆಡ್‌ಲೈಟಿಗೆ ಬಾಲ ಬೆಳೆಯುತ್ತದೆ. ಆ ಚೀಟಿ ಜೇಬಲ್ಲಿದ್ದಿದ್ದರೆ ಅಲ್ಲೇ ಅನುಮಾನ ಬರುತ್ತಿತ್ತು.

ಮತ್ತೆ ಲೇಸರ್ ಹಾಕಿಸಬಹುದಲ್ಲ ಅಂತೀರಿ. ನನ್ನ ಕಾರ್ನಿಯಾ 520 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್) ದಪ್ಪ. ಲೇಸಿಕ್‌ನಲ್ಲಿ ಮುಚ್ಚಳದ ಹಾಗೆ ಕತ್ತರಿಸಿ ಎತ್ತುವ ಮೇಲಿನ ಪದರಕ್ಕೆ, ಅಂದರೆ ಫ್ಲಾಪ್‌ಗೆ, 100 ಹೋಯಿತು. 6.5 ಮಿಲಿಮೀಟರ್ ವ್ಯಾಸದ ವಲಯಕ್ಕೆ ಒಂದು ಪವರ್ ಇಳಿಸಲು ಸುಮಾರು 14 ಮೈಕ್ರಾನ್ ಸವೆಸಬೇಕು, ಮೈನಸ್ಸೂ ಸಿಲಿಂಡರೂ ಸೇರಿ ಒಟ್ಟು 7.25ಕ್ಕೆ ಹತ್ತಿರತ್ತಿರ 102. ಅಡಿಯಲ್ಲಿ ಉಳಿದದ್ದು 318. ಈ ಅಡಿಪದರ 250ಕ್ಕಿಂತ ಕೆಳಗೆ ಇಳಿಯಲೇಬಾರದು, ಎಚ್ಚರದ ಸರ್ಜನ್‌ಗಳು 300 ಇಟ್ಟುಕೊಳ್ಳುತ್ತಾರೆ. ಉಳಿದ 1.25 ತೆಗೆಯಲು ಇನ್ನು 18 ಸವೆಸಿದರೆ ಸರಿಯಾಗಿ 300, ಗೆರೆಯ ಮೇಲೆ. ತೆಳುವಾದ ಕಾರ್ನಿಯಾ ಮುಂದೆ ಉಬ್ಬತೊಡಗಿದರೆ ಅದು ಕನ್ನಡಕದಲ್ಲಿ ಸರಿಹೋಗುವ ತೊಂದರೆಯಲ್ಲ. ಬೇಡ ಎಂದೆ.

ಇನ್ನು ನಿಮ್ಮ ಪ್ರಶ್ನೆ. ಅದೇ ತಲೆಕೆಳಗಾಗಿದೆ. ಲೇಸಿಕ್ಕೋ ಸ್ಮೈಲೋ ಎಂದು ಆರಿಸುವ ಕೆಲಸ ನಿಮ್ಮದಲ್ಲ, ನಿಮ್ಮ ಕಾರ್ನಿಯಾದ ದಪ್ಪದ್ದು ಮತ್ತು ಆಕಾರದ್ದು. ದಪ್ಪ ಸಾಕಷ್ಟಿದ್ದು, ಕಣ್ಣೀರೂ ಚೆನ್ನಾಗಿದ್ದರೆ ಲೇಸಿಕ್ ಆಗುತ್ತದೆ. ಕಣ್ಣು ಒಣಗುವ ಸ್ವಭಾವ ತುಸು ಇದ್ದರೆ ಸ್ಮೈಲ್ ಕಡೆ ವಾಲಬಹುದು. ಅದರಲ್ಲಿ ಫ್ಲಾಪ್ ಇಲ್ಲ, 2ರಿಂದ 4 ಮಿಲಿಮೀಟರ್ ಸೀಳಿನಿಂದ ಒಳಗಿನ ತೆಳು ಬಿಲ್ಲೆ ಎಳೆದು ತೆಗೆಯುತ್ತಾರೆ, ಕತ್ತರಿಸುವ ನರಗಳು ಕಡಿಮೆ. ಆದರೆ ಅದೇ ಪವರ್‌ಗೆ ಅದು ತೆಗೆಯುವ ಅಂಗಾಂಶ ತುಸು ಹೆಚ್ಚೇ, ಮತ್ತು ಪವರ್ ಉಳಿದರೆ ಎತ್ತಲು ಫ್ಲಾಪ್ ಇರುವುದಿಲ್ಲ. ಕಾರ್ನಿಯಾ ತೆಳುವಾಗಿದ್ದು ಆಕಾರ ಸರಿಯಿದ್ದರೆ ಪಿಆರ್‌ಕೆ ಎಂಬ ಮೂರನೇ ಬಗೆ. ಮೇಲಿನ ಸುಮಾರು 50 ಮೈಕ್ರಾನ್ ಚರ್ಮ ಕೆರೆದು ಲೇಸರ್ ಹಾಕುತ್ತಾರೆ, ಅದು ತಾನೇ ಬೆಳೆದುಕೊಳ್ಳುತ್ತದೆ. ಎರಡು ಮೂರು ದಿನ ಕಣ್ಣಿಗೆ ಮೆಣಸಿನಪುಡಿ ಹಾಕಿದ ಹಾಗೆ ಉರಿ, ನಾಲ್ಕೈದು ದಿನ ಬ್ಯಾಂಡೇಜ್ ಲೆನ್ಸ್, ತಿಂಗಳುಗಟ್ಟಲೆ ಸ್ಟೀರಾಯ್ಡ್ ಹನಿ. ಆಕಾರವೇ ಸರಿಯಿಲ್ಲ, ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ರೋಗ) ಅನುಮಾನ ಇದೆ ಅಂದರೆ ಮೂರೂ ಬೇಡ. ಕಣ್ಣು ಗಸಗಸ ಉಜ್ಜುವ ಅಭ್ಯಾಸ ಇದ್ದರೆ ಡಾಕ್ಟರಿಗೆ ನೀವಾಗಿಯೇ ಹೇಳಿ.

ಕೇಳಿ ಮಾಡಿಸಬೇಕಾದ ಪರೀಕ್ಷೆಗಳು: ಪೆಂಟಾಕ್ಯಾಮ್ ಎಂಬ ಯಂತ್ರದ ಅಥವಾ ಅಂಥದ್ದೇ ಟೊಪೊಗ್ರಫಿ, ಕತ್ತಲಲ್ಲಿ ಪಾಪೆಯ ಅಳತೆ, ಶಿರ್ಮರ್ ಪಟ್ಟಿ (ಐದು ನಿಮಿಷದಲ್ಲಿ 5 ಮಿಲಿಮೀಟರ್ ಕೂಡ ಒದ್ದೆಯಾಗದಿದ್ದರೆ ಕಣ್ಣೀರು ಸಾಲದು), ಹನಿ ಹಾಕಿ ಪಾಪೆ ಹಿಗ್ಗಿಸಿ ಪವರ್ ಮತ್ತು ರೆಟಿನಾ (ಕಣ್ಣಿನ ಹಿಂಬದಿಯ ಒಳಪರದೆ). ಮೈನಸ್ ಆರರ ಕಣ್ಣಿನ ರೆಟಿನಾ ಅಂಚಿನಲ್ಲಿ ತೆಳುವಾಗಿರುವ ಸಾಧ್ಯತೆ ಹೆಚ್ಚು, ಲೇಸಿಕ್ ಅದನ್ನು ಸರಿಮಾಡುವುದಿಲ್ಲ. ಕಳೆದೊಂದು ವರ್ಷದಲ್ಲಿ ಪವರ್ 0.50ಕ್ಕಿಂತ ಹೆಚ್ಚು ಬದಲಾಗಿದ್ದರೆ ಈಗ ಬೇಡ.

ಮದುವೆಗೆ ಎರಡು ತಿಂಗಳು ಅಂದಿರಿ. ಲೆನ್ಸ್ ಬಿಡಲು ನಾಲ್ಕು ವಾರ, ಎರಡು ಸ್ಕ್ಯಾನ್‌ಗೆ ಇನ್ನೊಂದು ವಾರ ಕಳೆದರೆ ಉಳಿಯುವುದು ಮೂರು ವಾರ. ಫ್ಲಾಪ್ ಇನ್ನೂ ಹಸಿಯಾಗಿರುವಾಗ ನಿಮ್ಮನ್ನು ಹೋಮದ ಹೊಗೆಯ ಮುಂದೆ ಕೂರಿಸುತ್ತಾರೆ, ಕಾಡಿಗೆ ಹಚ್ಚುತ್ತಾರೆ, ಜೀರಿಗೆ ಬೆಲ್ಲ ತಲೆಯಿಂದ ಜಾರಿ ಕಣ್ಣಿಗೇ ಬರುತ್ತದೆ, ಆಮೇಲೆ ನಾನೂರು ಜನ ಮುಖಕ್ಕೆ ಅಕ್ಷತೆ ಎಸೆಯುತ್ತಾರೆ. ಫೋಟೋಗೆ ಸಾಫ್ಟ್ ಲೆನ್ಸ್ ಹಾಕಿಕೊಂಡು ಮದುವೆಯಾಗಿ. ಆಪರೇಷನ್ ಆಮೇಲೆ.

ಆಪರೇಷನ್ ದಿನದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಸೆಂಟು, ಮೇಕಪ್ ಬೇಡ. ಮರಗಟ್ಟಿಸುವ ಹನಿ, ಕಣ್ಣು ಅಲುಗದಂತೆ ಹೀರಿ ಹಿಡಿಯುವ ಬಳೆ ಕೂತಾಗ ಕೆಲ ಸೆಕೆಂಡು ಕಣ್ಣು ಕತ್ತಲು, ಆಮೇಲೆ ಕೂದಲು ಸುಟ್ಟ ವಾಸನೆ. ಅಸಲಿಗೆ ಅಲ್ಲಿ ಏನೂ ಸುಡುವುದಿಲ್ಲ. 193 ನ್ಯಾನೋಮೀಟರ್ ನೇರಳಾತೀತ ಕಿರಣ ಅಣುಗಳ ಬಂಧ ಮುರಿಯುತ್ತದೆ, ಪಕ್ಕದ ಅಂಗಾಂಶಕ್ಕೆ ಬಿಸಿ ತಾಗುವುದಿಲ್ಲ ಅನ್ನಬಹುದು. 1981ರಲ್ಲಿ ಐಬಿಎಂ ಕಂಪನಿಯಲ್ಲಿದ್ದ ಮದ್ರಾಸ್ ಮೂಲದ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡಿನ ಮೇಲೆ ಮೊದಲು ನೋಡಿದ್ದು ಇದನ್ನೇ.

ಮನೆಗೆ ಬಂದ ಮೇಲೆ: ಒಂದು ಹನಿಗೂ ಇನ್ನೊಂದಕ್ಕೂ ಐದು ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಹಾಲಿನ ಹಾಗೆ ಬಿಳಿಯಾಗಿರುವ ಸ್ಟೀರಾಯ್ಡ್ ಹನಿಯ ಬಾಟಲಿಯನ್ನು ಪ್ರತಿ ಸಲ ಕುಲುಕಿ, ಮದ್ದು ತಳದಲ್ಲಿ ಕೂತಿರುತ್ತದೆ. ಒಂದು ವಾರ ರಾತ್ರಿ ಕಣ್ಣಿಗೆ ಕವಚ, ತಲೆಸ್ನಾನ ಬೇಡ, ಈಜು ತಿಂಗಳ ನಂತರ. ಏಸಿ ಆಫೀಸಿನಲ್ಲಿ ಸ್ಕ್ರೀನ್ ನೋಡುವವರಾದರೆ ಪ್ರಿಸರ್ವೇಟಿವ್ ಇಲ್ಲದ ಕಣ್ಣೀರಹನಿ ಆರು ತಿಂಗಳು ಕೈಯಳತೆಯಲ್ಲಿರಲಿ, ಕತ್ತರಿಸಿದ ನರ ಚಿಗುರಲು ಅಷ್ಟು ಸಮಯ ಹಿಡಿಯುತ್ತದೆ.

ಪವರ್ 7.5ಕ್ಕಿಂತ ಕಡಿಮೆ ಇರುವುದರಿಂದ ವಿಮೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ರೈಲ್ವೆ ಲೋಕೋ ಪೈಲಟ್ ಆಗುವ ಆಸೆ ಇದ್ದರೆ ಲೇಸರ್ ಮಾಡಿಸಲೇಬೇಡಿ, ಅಲ್ಲಿ ಅನರ್ಹ. ನಲವತ್ತು ದಾಟಿದ ಮೇಲೆ ಚಾಳೀಸು ಬಂದೇ ಬರುತ್ತದೆ. ಈಗಿನ ಹಾಗೆ ಕನ್ನಡಕ ತೆಗೆದು ಹತ್ತಿರ ಹಿಡಿದು ಓದುವ ಸೌಕರ್ಯವೂ ಆಗ ಇರುವುದಿಲ್ಲ. ಆಪರೇಷನ್‌ಗೆ ಮುಂಚಿನ ಅಳತೆಗಳ ಪ್ರತಿ ಕೇಳಿ ಪಡೆದು ಜೋಪಾನ ಮಾಡಿ. ಮುಂದೆ ಪೊರೆ ಬಂದಾಗ ಒಳಗೆ ಕೂರಿಸುವ ಲೆನ್ಸಿನ ಪವರ್ ಲೆಕ್ಕ ಹಾಕಲು ಅವು ಬೇಕಾಗುತ್ತವೆ.

ಸದ್ಯಕ್ಕೆ ಹಳೇ ಕನ್ನಡಕದ ಚೀಟಿಗಳನ್ನೆಲ್ಲ ಹುಡುಕಿ ಒಂದು ಕವರಿಗೆ ಹಾಕಿ. ಲೆನ್ಸ್ ಬಿಟ್ಟ ದಿನ ಡಬ್ಬಿಯ ಮುಚ್ಚಳದ ಮೇಲೆ ತಾರೀಖು ಬರೆಯಿರಿ, ಸ್ಕ್ಯಾನ್‌ಗೆ ಹೋಗುವಾಗ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ.