ಬಿಸಿನೀರಿಂದ ಗಾಳಿ ಬಿಸಿ ಮಾಡುವ ಹೀಟಿಂಗ್: ಉಪ್ಪರಿಗೆ ಮಾತ್ರ ಯಾಕೆ ಬೆಚ್ಚಗಾಗುದಿಲ್ಲ?

ಅಕ್ಕ, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಬೋಸ್ಟನ್ ಹತ್ರ ಮಗ ಹಳೇ ಮನೆ ತಗೊಂಡಿದ್ದಾನೆ, ಬೇಸ್ಮೆಂಟಲ್ಲಿ ಗ್ಯಾಸ್ ಬಾಯ್ಲರ್ ಉಂಟು, ಅದರ ಬಿಸಿನೀರು ಅಟ್ಟಕ್ಕೆ ಹೋಗಿ ಅಲ್ಲಿಂದ ಡಕ್ಟ್ ಅಂತ ಹೇಳುವ ಗಾಳಿಕೊಳವೆಯಲ್ಲಿ ಬಿಸಿ ಗಾಳಿಯಾಗಿ ರೂಮಿಗೆ ಬರುದು, ಆದ್ರೆ ಉಪ್ಪರಿಗೆಯ ರೂಮುಗಳು ಬೆಚ್ಚಗಾಗುದಿಲ್ಲ, ನೋಡ್ಲಿಕ್ಕೆ ಬಂದ ಮೆಕ್ಯಾನಿಕ್ ಬಾಯ್ಲರೇ ಬದಲಿಸಿ ಅಂತ ಹೇಳಿ ಹೋದ, ನೀವು ಗಂಡ ಹೆಂಡತಿ ನವೆಂಬರಲ್ಲಿ ಉಡುಪಿಯಿಂದ ಹೊರಡುವವರು, ನಿಮಗೆ ಗಂಟುನೋವು ಬೇರೆ. ಮತ್ತೆ ಬಿಸಿನೀರಿನ ಸಿಸ್ಟಮ್ ಅಂದ ಮೇಲೆ ಮನೆಯೊಳಗೆ ಗಾಳಿ ಒಣಗುದಿಲ್ಲ ಅಲ್ವಾ ಅಂತ ಕೂಡ ಕೇಳಿದ್ದೀರಿ.

ಧೈರ್ಯವಾಗಿ ಹೋಗಿ. ಬಾಯ್ಲರ್ ಬದಲಿಸುವ ಮಾತು ಮಾತ್ರ ಈಗಲೇ ಬೇಡ ಅಂತ ಮಗನಿಗೆ ಹೇಳಿ. ಯಾಕೆ ಅಂದ್ರೆ ಅದೇ ಬಾಯ್ಲರಿಂದ ಕೆಳಗಿನ ರೂಮುಗಳು ಬೆಚ್ಚಗಾಗ್ತವೆ, ಸ್ನಾನಕ್ಕೂ ಚೆನ್ನಾಗಿ ಬಿಸಿನೀರು ಬರ್ತದೆ ಅಂತ ನೀವೇ ಬರೆದಿದ್ದೀರಿ. ಹಂಡೆ ಚೆನ್ನಾಗಿಯೇ ಕಾಯ್ತಾ ಉಂಟು, ನೀರು ಮೇಲೆ ಮುಟ್ತಾ ಇಲ್ಲ ಅಷ್ಟೇ ಅಂತ ನನಗೆ ಕಾಣುದು.

ನಾನು ಸುರತ್ಕಲ್‌ನವ. ಶುರುವಿಗೆ ಗೇರುಬೀಜದ ಫ್ಯಾಕ್ಟರಿಯಲ್ಲಿ ಬಾಯ್ಲರ್ ನೋಡಿಕೊಳ್ತಾ ಇದ್ದೆ, ಮತ್ತೆ ದುಬೈಗೆ ಹೋಗಿ ಹದಿನೇಳು ವರ್ಷ ದೊಡ್ಡ ಬಿಲ್ಡಿಂಗುಗಳ ಎಸಿ ಕೆಲಸ. ಅಲ್ಲಿ ನೀರು ತಣ್ಣಗೆ ಮಾಡುವ ಚಿಲ್ಲರ್ ಮೆಷಿನಿಂದ 7 ಡಿಗ್ರಿ ಆಸುಪಾಸಿನ ತಣ್ಣೀರು ಪೈಪಲ್ಲಿ ಪ್ರತಿ ರೂಮಿನ ಕಾಯಿಲಿಗೆ ಬರುದು, ಫ್ಯಾನು ಅದರ ಮೇಲಿಂದ ಗಾಳಿ ದೂಡುದು, ರೂಮು ತಂಪಾಗುದು. ನಿಮ್ಮ ಮಗನ ಮನೆಯಲ್ಲಿ ಇರುದೂ ಇದೇ, ತಣ್ಣೀರಿನ ಬದಲು ಬಿಸಿನೀರು. ತಾಮ್ರದ ಪೈಪಿನ ಸುರುಳಿ, ಅದಕ್ಕೆ ಒತ್ತೊತ್ತಾಗಿ ಅಲ್ಯುಮಿನಿಯಮ್ ತಗಡು, ಹಿಂದೆ ಒಂದು ಬ್ಲೋವರ್. ಕಾರಿನ ಹೀಟರ್ ಕೂಡ ಇದೇ ರೀತಿ, ಅಲ್ಲಿ ಬಾಯ್ಲರಿನ ಬದಲು ಇಂಜಿನ್.

ನೀರನ್ನು ಯಾಕೆ ಮಧ್ಯ ತರುದು ಅಂತ ಮಗನಿಗೂ ಸಂಶಯ ಇರಬಹುದು. ಒಂದೇ ಅಳತೆಯ ನೀರು ಮತ್ತೆ ಗಾಳಿ ತಗೊಂಡ್ರೆ ಗಾಳಿಗಿಂತ ನೀರು ಮೂರು ಸಾವಿರ ಪಟ್ಟಿಗೂ ಹೆಚ್ಚು ಶಾಖ ಹೊರ್ತದೆ. ಮುಕ್ಕಾಲು ಇಂಚಿನ ಪೈಪಲ್ಲಿ ನಿಮಿಷಕ್ಕೆ 15 ಲೀಟರ್ ನೀರು ಹೋಗಿ ಕಾಯಿಲಲ್ಲಿ 11 ಡಿಗ್ರಿ ತಣಿದು ವಾಪಸ್ ಬಂದ್ರೆ ಹೆಚ್ಚುಕಮ್ಮಿ 11 ಕಿಲೋವ್ಯಾಟ್ ಶಾಖ ಮೇಲೆ ಬಿಟ್ಟು ಬಂದ ಹಾಗೆ, ಅಂದ್ರೆ ನಮ್ಮ ಬಚ್ಚಲುಮನೆಯ 2 ಕಿಲೋವ್ಯಾಟ್ ಗೀಸರ್ ಐದಾರು ಒಟ್ಟಿಗೆ ಹಾಕಿದಷ್ಟು, ಅದೂ ಹೆಬ್ಬೆರಳು ದಪ್ಪದ ಪೈಪಲ್ಲಿ. ಇನ್ನೊಂದು ಒಳ್ಳೆದು ಎಂತದು ಅಂದ್ರೆ ಬೆಂಕಿ ಬೇಸ್ಮೆಂಟಲ್ಲೇ ಉಳಿತದೆ, ರೂಮಿಗೆ ಬರುವ ಗಾಳಿ ಬಿಸಿನೀರಿನ ಪೈಪನ್ನು ಮಾತ್ರ ಸವರಿಕೊಂಡು ಬರುದು. ಹಾಗಂತ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಬೇಡ ಅಂತಲ್ಲ, ನೀವು ಮಲಗುವ ರೂಮಿನ ಹತ್ರ ಅದು ಉಂಟಾ, ಬ್ಯಾಟರಿ ಸರಿ ಉಂಟಾ ಅಂತ ಹೋದ ದಿನವೇ ನೋಡಿ.

ಗಾಳಿ ಉಗುರುಬೆಚ್ಚಗೆ ಮಾತ್ರ ಬರುದು ಅಂತ ಬರೆದಿದ್ದೀರಿ. ಅದೊಂದನ್ನೇ ನೋಡಿ ತೊಂದರೆ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಈ ಸಿಸ್ಟಮಲ್ಲಿ ಗಾಳಿ ಸುಡುವ ಹಾಗೆ ಬರುದಿಲ್ಲ, ಸಾಮಾನ್ಯ 40ರಿಂದ 50 ಡಿಗ್ರಿ, ಓಡುವ ಗಾಳಿ ಆದ್ದರಿಂದ ಕೈಗೆ ಇನ್ನೂ ಕಮ್ಮಿ ಅನಿಸ್ತದೆ. ತುಂಬಾ ಹೊತ್ತು ಓಡಿಯೂ ರೂಮು 20 ಡಿಗ್ರಿಗೆ ಬರುದಿಲ್ಲ ಅಂತಾದ್ರೆ ಆಗ ಹುಡುಕಬೇಕು.

ಎರಡು ವರ್ಷದ ಹಿಂದೆ ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿ ನಾಲ್ಕು ತಿಂಗಳು ಇದ್ದೆ. ಜನವರಿ, ಹೊರಗೆ ಮೈನಸ್ 9, ಉಪ್ಪರಿಗೆಯಲ್ಲಿ ಮೊಮ್ಮಗು ಮಲಗುವ ರೂಮು 15 ಡಿಗ್ರಿ ದಾಟುದಿಲ್ಲ. ಅಲ್ಲಿಗೂ ಒಬ್ಬ ಬಂದು ಹೊಸ ಬಾಯ್ಲರಿನ ಲೆಕ್ಕ ಬರೆದು ಕೊಟ್ಟು ಹೋಗಿದ್ದ, ಅಟ್ಟಕ್ಕೆ ಹತ್ತಿ ನೋಡಿರಲೇ ಇಲ್ಲ, ನನಗೆ ಅದು ತುಂಬಾ ಬೇಸರ ಆಯ್ತು. ರಾತ್ರಿ ನಾನೇ ಟಾರ್ಚ್ ಹಿಡಿದು ಹತ್ತಿದೆ. ಕಾಯಿಲ್ ಪೆಟ್ಟಿಗೆಗೆ ಕಿವಿ ಇಟ್ಟರೆ ಒಳಗೆ ಗುಳುಗುಳು ಸದ್ದು. ಬರುವ ಪೈಪು ಮುಟ್ಟಿದ್ರೆ ಕೈ ಸುಡುವಷ್ಟು ಬಿಸಿ, ವಾಪಸ್ ಹೋಗುವ ಪೈಪು ಬಾವಿನೀರಿನಷ್ಟು ತಣ್ಣಗೆ. ಸರಿ ಇದ್ದ ಕಾಯಿಲಲ್ಲಿ ವಾಪಸ್ ಪೈಪು ಹತ್ತು ಹನ್ನೊಂದು ಡಿಗ್ರಿ ಮಾತ್ರ ಕಮ್ಮಿ ಇರುದು, ಇಲ್ಲಿ ನೀರು ಹರಿತಾನೇ ಇಲ್ಲ, ಮೇಲೆ ಪೈಪಿನೊಳಗೆ ಗಾಳಿ ಕೂತು ದಾರಿ ಕಟ್ಟಿದೆ.

ಗಾಳಿ ಯಾಕೆ ಕೂತಿತು ಅಂತ ಕೆಳಗೆ ಬಂದು ನೀರಿನ ಒತ್ತಡ ಪಿಎಸ್‌ಐ ಲೆಕ್ಕದಲ್ಲಿ ತೋರಿಸುವ ಗೇಜ್ ನೋಡಿದೆ, 12 ಪಿಎಸ್‌ಐ. ಅಮೆರಿಕದಲ್ಲಿ ಎರಡು ಮಾಳಿಗೆ ಮನೆಗೆ ಸಾಮಾನ್ಯ ಇಡುದು ಅಷ್ಟೇ, ಅದು ನೀರನ್ನು ಎಂಟು ಮೀಟರ್ ಮೇಲೆ ಹಿಡಿದು ನಿಲ್ಲಿಸ್ಲಿಕ್ಕೆ ಸಾಕು. ಆದ್ರೆ ಈ ಕಾಯಿಲ್ ಇದ್ದದ್ದು ಎರಡು ಮಾಳಿಗೆಯೂ ದಾಟಿ ಅಟ್ಟದಲ್ಲಿ, ಬೇಸ್ಮೆಂಟಿನ ಗೇಜಿಂದ ಅಳೆದ್ರೆ ಸರಿಯಾಗಿ ಎಂಟು ಮೀಟರ್. ಅಂದ್ರೆ ತುದಿಯಲ್ಲಿ ನೀರಿಗೆ ಒತ್ತಡವೇ ಉಳಿಲಿಲ್ಲ, ಹಾಗಾಗಿ ಗಾಳಿ ತೆಗೆದ್ರೂ ನಾಲ್ಕು ದಿನದಲ್ಲಿ ಪುನಃ ಬಂದು ಕೂರ್ತದೆ. ಪಂಪ್ ಆಫ್ ಮಾಡಿ, ಸಿಸ್ಟಮಿಗೆ ನೀರು ತುಂಬಿಸುವ ಫಿಲ್ ವಾಲ್ವಲ್ಲಿ ಒತ್ತಡ ಮೆಲ್ಲ 17ಕ್ಕೆ ತಂದು, ಅಟ್ಟಕ್ಕೆ ಹೋಗಿ ಏರ್ ವೆಂಟಿನ ಸ್ಕ್ರೂ ಕಾಲು ಸುತ್ತು ಸಡಿಲ ಮಾಡಿ ಸ್ಟೀಲ್ ಲೋಟ ಹಿಡಿದೆ. ಒಂದು ನಿಮಿಷದಷ್ಟು ಬರೀ ಸುಸ್ಸ್ ಅಂತ ಗಾಳಿ, ಮತ್ತೆ ಬಡಬಡ ಅಂತ ಕಪ್ಪು ನೀರು, ಮತ್ತೆ ಒಂದೇ ಧಾರೆ. ಸ್ಕ್ರೂ ಬಿಗಿದು ಪಂಪ್ ಹಾಕಿ ಹತ್ತು ನಿಮಿಷ ಬಿಟ್ಟು ಮುಟ್ಟಿದ್ರೆ ವಾಪಸ್ ಪೈಪು ಬಿಸಿ! ನಾಲ್ಕು ಗಂಟೆಗೆ ಎದ್ದು ನೋಡುವಾಗ ರೂಮು 20 ಡಿಗ್ರಿ, ಮಗು ಹೊದಿಕೆ ಒದ್ದು ಮಲಗಿತ್ತು.

ನಿಮ್ಮ ಮಗ ಇದನ್ನೆಲ್ಲ ಸ್ವತಃ ಮಾಡುದು ಬೇಡ, ಸೇಫ್ಟಿ ವಾಲ್ವ್ 30 ಪಿಎಸ್‌ಐಗೆ ತೆರೆದುಕೊಳ್ತದೆ, ನೀರು ಮೈ ಸುಡುವ ಬಿಸಿ ಇರ್ತದೆ, ಒತ್ತಡ ಏರಿಸಿದ್ರೆ ಬಿಸಿಗೆ ಹಿಗ್ಗುವ ನೀರಿಗೆ ಜಾಗ ಕೊಡುವ ಎಕ್ಸ್‌ಪ್ಯಾನ್ಶನ್ ಟ್ಯಾಂಕಿನ ಗಾಳಿಯನ್ನೂ ಅಷ್ಟಕ್ಕೇ ಹೊಂದಿಸಬೇಕು. ಆದ್ರೆ ಮೊದಲು ಗಾಳಿಯ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದು ನೋಡ್ಲಿ, ಧೂಳು ಕಟ್ಟಿದ್ರೆ ಬದಲಿಸ್ಲಿ. ಮತ್ತೆ ಎರಡು ಪೈಪು ಜಾಗ್ರತೆಯಲ್ಲಿ ಮುಟ್ಟಿ ನೋಡ್ಲಿ. ವಾಪಸ್ ಪೈಪು ತಣ್ಣಗಿದ್ರೆ ತಪ್ಪು ನೀರಿನ ಕಡೆ, ಗಾಳಿ ಕಟ್ಟಿರಬಹುದು ಅಥವಾ ಪಂಪು, ಇಲ್ಲದಿದ್ರೆ ಆ ಭಾಗಕ್ಕೆ ನೀರು ಬಿಡುವ ಝೋನ್ ವಾಲ್ವ್ ಕೆಟ್ಟಿರಬಹುದು. ಎರಡೂ ಒಂದೇ ಥರ ಬಿಸಿ ಇದ್ದು ರೂಮು ಮಾತ್ರ ತಣ್ಣಗಿದ್ರೆ ತಪ್ಪು ಗಾಳಿ ಕಡೆ, ಬ್ಲೋವರ್ ಅಥವಾ ಅಟ್ಟದಲ್ಲಿ ಬಿಚ್ಚಿಕೊಂಡ ಡಕ್ಟ್. ಇಷ್ಟು ನೋಡಿ ಇಟ್ಟು ಬೇರೆ ಒಬ್ಬ ಮೆಕ್ಯಾನಿಕನ್ನು ಕರೆದ್ರೆ ಅವನು ಸುಮ್ಮನೆ ಬಾಯ್ಲರ್ ಬದಲಿಸಿ ಅಂತ ಹೇಳ್ಲಿಕ್ಕಿಲ್ಲ.

ಒಂದು ಎಚ್ಚರಿಕೆ ಮಾತ್ರ. ನೀವೆಲ್ಲ ಒಟ್ಟಿಗೆ ನಾಲ್ಕು ದಿನ ತಿರುಗ್ಲಿಕ್ಕೆ ಹೋಗುವಾಗ ಹೀಟಿಂಗ್ ಪೂರ್ತಿ ಆಫ್ ಮಾಡಬೇಡಿ. ಅಟ್ಟದ ಕಾಯಿಲಲ್ಲಿ ನಿಂತ ನೀರು ಹೆಪ್ಪುಗಟ್ಟಿದ್ರೆ ತಾಮ್ರ ಸೀಳ್ತದೆ, ಕರಗುವಾಗ ಎಲ್ಲ ನೀರು ಕೆಳಗಿನ ಸೀಲಿಂಗಿಗೆ. ಆಂಟಿಫ್ರೀಜ್ ಹಾಕಿಸುದಾದ್ರೆ ಪ್ರೊಪಿಲೀನ್ ಗ್ಲೈಕಾಲ್, ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಮನೆಯ ಸಿಸ್ಟಮಿಗೆ ಅದು ಬೇಡವೇ ಬೇಡ.

ಇನ್ನು ಗಾಳಿ ಒಣಗುವ ವಿಷಯ. ಗೇರುಬೀಜದ ಫ್ಯಾಕ್ಟರಿಯಲ್ಲಿ ಬೋರ್ಮಾ ಅಂತ ಉಂಟು, ತಿರುಳನ್ನು ಟ್ರೇಯಲ್ಲಿ ಹರಡಿ ಅದರೊಳಗೆ ಇಡುದು. ನಮ್ಮಲ್ಲಿ ಬಾಯ್ಲರಿನ ಸ್ಟೀಮ್ ಸುರುಳಿಯೊಳಗೆ ಹರಿಯುದು, ಫ್ಯಾನು ಅದರ ಮೇಲಿಂದ ಗಾಳಿ ಬಿಡುದು, ಆ ಬಿಸಿಗೆ ತಿರುಳು ಒಣಗಿ ಕೆಂಪು ಸಿಪ್ಪೆ ಸಡಿಲ ಆಗ್ತದೆ. ಸುರುಳಿಯೊಳಗೆ ಇರುದು ಸ್ಟೀಮೇ ಆದ್ರೂ ಒಂದು ಹನಿ ತೇವ ಬೀಜಕ್ಕೆ ತಾಗುದಿಲ್ಲ, ತಾಗಿದ್ರೆ ಒಣಗುವುದು ಎಲ್ಲಿಂದ? ನಿಮ್ಮ ಮಗನ ಮನೆಯಲ್ಲೂ ನೀರು ಪೈಪು ಬಿಟ್ಟು ಹೊರಗೆ ಬರುದಿಲ್ಲ. ಹೊರಗಿನ 0 ಡಿಗ್ರಿ ಗಾಳಿಯಲ್ಲಿ ತೇವ ತುಂಬಿ ತುಳುಕಿದ್ರೂ ಅದನ್ನು ಒಳಗೆ ತಂದು 20 ಡಿಗ್ರಿಗೆ ಬಿಸಿ ಮಾಡಿದ್ರೆ ಹ್ಯುಮಿಡಿಟಿ 26 ಪರ್ಸೆಂಟಿಗೆ ಇಳಿತದೆ, ಯಾವ ಹೀಟರ್ ಆದ್ರೂ ಅಷ್ಟೇ. ನಮ್ಮ ಕಡಲ ಬದಿಯ ಗಾಳಿಯಲ್ಲಿ ಬೆಳೆದ ಮೈ, ಒಂದು ವಾರದಲ್ಲಿ ತುಟಿ ಮತ್ತೆ ಹಿಮ್ಮಡಿ ಒಡಿತದೆ. ರೂಮಿಗೆ ಒಂದು ಸಣ್ಣ ಹ್ಯುಮಿಡಿಫೈಯರ್ ತರ್ಲಿಕ್ಕೆ ಹೇಳಿ, 30ರಿಂದ 40 ಪರ್ಸೆಂಟ್ ಇದ್ರೆ ಸಾಕು, ಅದಕ್ಕಿಂತ ಹೆಚ್ಚಾದ್ರೆ ಕಿಟಕಿ ಗಾಜಲ್ಲಿ ನೀರಿಳಿದು ಬೂಸ್ಟು ಹಿಡಿತದೆ. ತೆಂಗಿನೆಣ್ಣೆ ಒಂದು ಲೀಟರ್ ಚೆಕ್‌ಇನ್ ಬ್ಯಾಗಲ್ಲೇ ಹಾಕಿ, ಅಲ್ಲಿಯ ಚಳಿಗೆ ಅದು ಗಟ್ಟಿ ಆಗ್ತದೆ, ಹಾಗಾಗಿ ಅಗಲ ಬಾಯಿಯ ಡಬ್ಬಿಯಲ್ಲಿ ಕೊಂಡು ಹೋಗಿ.