ಸರ್ಕಾರದಲ್ಲಿ ಐಟಿ ಡೈರೆಕ್ಟರ್ ಆಗೋದು ಹೇಗೆ? ಆ ಕೆಲಸದಲ್ಲಿ ಏನಿರುತ್ತೆ?

ಮಗಳು ಈಗಷ್ಟೇ ಬಿಇ ಮುಗಿಸಿದ್ದಾಳೆ, ಸರ್ಕಾರದಲ್ಲೇ ಐಟಿ ಡೈರೆಕ್ಟರ್ ಆಗ್ತೀನಿ ಅಂತಾಳೆ, ದಾರಿ ಯಾವುದು ಅಂತ ಕೇಳಿದ್ದೀರಿ. ನಾನು ಎನ್‌ಐಸಿಯಲ್ಲಿ (ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್, ಸರ್ಕಾರಿ ಕಚೇರಿಗಳ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ) ಟೆಕ್ನಿಕಲ್ ಡೈರೆಕ್ಟರ್ ಆಗಿ ನಿವೃತ್ತನಾದವನು. ಸರ್ವೀಸಿನ ಬಹುಪಾಲು ಕಳೆದದ್ದು ಕೋಲಾರದ ಡಿಸಿ ಆಫೀಸಿನಲ್ಲಿ.

ಡೈರೆಕ್ಟರ್ ಅಂದರೆ ಎರಡು ಥರ ಸ್ವಾಮಿ. ರಾಜ್ಯದ ಐಟಿ-ಬಿಟಿ ಇಲಾಖೆಯ ಕುರ್ಚಿಗೆ ಸಾಮಾನ್ಯವಾಗಿ ಐಎಎಸ್‌ನಂಥ ಸೇವೆಯವರೇ ಬರೋದು. ಅದೇ ಬೇಕಿದ್ದರೆ ಕೋಡಿಂಗ್ ಬಿಟ್ಟು ಯುಪಿಎಸ್‌ಸಿಗೆ ಓದಲಿ. ಇನ್ನೊಂದು ನಮ್ಮಂಥವರದು. ಕೇಂದ್ರದ ಎನ್‌ಐಸಿಗೆ ಸೈಂಟಿಸ್ಟ್-ಬಿ ಆಗಿ ಸೇರಿ (ಮೂಲ ವೇತನ 56,100ರಿಂದ ಶುರು), ಸಿ, ಡಿ ದಾಟಿ ಇ ದರ್ಜೆ, ಅಂದರೆ ಡೈರೆಕ್ಟರ್ ಮಟ್ಟ ಮುಟ್ಟುವುದು. ಖಾಲಿ ಹುದ್ದೆಗೆ ಕಾಯಬೇಕಿಲ್ಲ; ಇಷ್ಟು ವರ್ಷ ಸರ್ವೀಸ್ ಆದ ಮೇಲೆ ಇಂಟರ್‌ವ್ಯೂ ಮಾಡಿ ಬಡ್ತಿ ಕೊಡುತ್ತಾರೆ. ಆದರೂ ಹದಿನೈದು ವರ್ಷ ಅಂತ ಇಟ್ಟುಕೊಳ್ಳಿ.

ಇನ್ನು ಕೆಲಸ. 2000ರ ಸುಮಾರಿಗೆ ‘ಭೂಮಿ’ ಬಂತು, ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತರುವ ಕರ್ನಾಟಕ ಸರ್ಕಾರದ ಯೋಜನೆ. ಸಾಫ್ಟ್‌ವೇರ್ ಎನ್‌ಐಸಿಯದು, ಬೆನ್ನು ಹತ್ತಿ ಮಾಡಿಸಿದವರು ಕಂದಾಯ ಇಲಾಖೆಯ ರಾಜೀವ್ ಚಾವ್ಲಾ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಹಾಗಾಗಿ ಗೌರಿಬಿದನೂರಿನಿಂದ ಮುಳಬಾಗಿಲುವರೆಗೆ 11 ತಾಲ್ಲೂಕು ನಮ್ಮ ತಲೆ ಮೇಲೇ ಇತ್ತು. ಕೈಬರಹದ ಪಹಣಿಯನ್ನೆಲ್ಲ ಕಂಪ್ಯೂಟರಿಗೆ ಏರಿಸಿದಾಗ ನೋಡಿ ಶುರುವಾಯಿತು. ಒಂದು ಸರ್ವೇ ನಂಬರು, ಕಾಲಂ 3ರಲ್ಲಿ ಒಟ್ಟು ವಿಸ್ತೀರ್ಣ 4 ಎಕರೆ 10 ಗುಂಟೆ. ಕಾಲಂ 9ರಲ್ಲಿ ಅಣ್ಣತಮ್ಮಂದಿರ ಹೆಸರಿನ ಮುಂದಿರುವುದನ್ನು ಕೂಡಿದರೆ 4 ಎಕರೆ 26. ಪುಸ್ತಕದಲ್ಲಿ ಯಾರೂ ಕೂಡಿ ನೋಡಿರಲಿಲ್ಲ, ಕಂಪ್ಯೂಟರ್ ನೋಡಿತು. ತಾಳೆ ಆಗದೆ ಮ್ಯುಟೇಶನ್ (ಪಹಣಿಯಲ್ಲಿ ಹಕ್ಕು ಬದಲಾವಣೆ) ನಿಂತಿತು. ಬ್ಯಾಂಕ್ ಸಾಲಕ್ಕೆ ಪಹಣಿ ಬೇಕಾದ ರೈತ ಕನ್ನಡ ಸಾಲದೆ ತೆಲುಗಿನಲ್ಲೂ ಬೈದ. ವಿಲೇಜ್ ಅಕೌಂಟೆಂಟ್ ಬಂದು, ‘ಸಾರ್, 16 ಗುಂಟೆ ತಾನೇ, ನೀವೇ ಹಿಂದಿನಿಂದ ಅಡ್ಜಸ್ಟ್ ಮಾಡಿಬಿಡಿ’ ಅಂದ.

ಮಾಡಬಹುದಿತ್ತು. ಒಂದು ಸಾಲಿನ ಕ್ವೆರಿ, ಅಂದರೆ ಡೇಟಾಬೇಸಿಗೆ ಕೊಡುವ ಆದೇಶ, ಅಷ್ಟೆ. ಆದರೆ ಆ 16 ಗುಂಟೆ ಯಾವ ತಮ್ಮನದು ಅಂತ ಹೇಳುವ ಅಧಿಕಾರ ನಮಗಿಲ್ಲ. ಅದಕ್ಕೆ ಸರ್ವೇಯವರ ಅಳತೆ, ಮೇಲಿನ ಅಧಿಕಾರಿಯ ಆದೇಶ ಬೇಕು. ಬೀಗದ ಕೈ ನಮ್ಮ ಹತ್ತಿರ, ಹಕ್ಕು ಬೇರೆಯವರದು. ಹುದ್ದೆ ದೊಡ್ಡದಾದಷ್ಟೂ ಇಂಥ ಒತ್ತಡ ಜಾಸ್ತಿ, ಕೇಳುವವರೂ ದೊಡ್ಡವರೇ. ಬರಹದಲ್ಲಿ ಕೊಡಿ ಸಾರ್ ಅಂದರೆ ಅರ್ಧಕ್ಕರ್ಧ ಜನ ಮತ್ತೆ ಬರಲ್ಲ. ಉಳಿದವರಿಂದ ಫೈಲ್ ಬರುತ್ತದೆ, ಆಗ ಮಾಡಿಕೊಡಬಹುದು. ಕೋಡಿಂಗ್ ಯಾರು ಬೇಕಾದರೂ ಕಲಿತಾರು. ಇದು ನಿಮ್ಮ ಮಗಳಿಗೆ ಒಗ್ಗುತ್ತದಾ ಅಂತ ಅವಳನ್ನೇ ಕೇಳಿ.

ಸಂಬಳ ಬೆಂಗಳೂರಿನ ಕಂಪನಿಗಳಿಗೆ ಸಮ ಅಲ್ಲ. ಕೇಂದ್ರದ ನೌಕರಿ, ದೇಶದಲ್ಲಿ ಎಲ್ಲಿಗೆ ಬೇಕಾದರೂ ಹಾಕಬಹುದು. ನೇಮಕಾತಿ ಅಧಿಸೂಚನೆ ಪ್ರತಿ ವರ್ಷ ಬರಲ್ಲ, ಸಾಮಾನ್ಯ ವರ್ಗಕ್ಕೆ ವಯೋಮಿತಿ 30. ಅಧಿಸೂಚನೆ ಬರುವವರೆಗೆ ಹೊರಗೆ ದುಡಿಯಲಿ, ಡೇಟಾಬೇಸ್, ನೆಟ್‌ವರ್ಕ್ ಗಟ್ಟಿ ಮಾಡಿಕೊಳ್ಳಲಿ.